ಎರಡು ರಾಜಧಾನಿಗಳ ನಡುವಿನ ಕಲ್ಲುಸೀಮೆ: ಕೂಟಗಲ್ ಮತ್ತು ಸುತ್ತಲಿನ ನಾಲ್ಕು ತಾಲೂಕುಗಳ ಚರಿತ್ರೆ

ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಶ್ರೀರಂಗಪಟ್ಟಣ ಮತ್ತು ಮೈಸೂರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳು ಇವುಗಳ ನಡುವೆ ಬರುತ್ತವೆ. ಈ ಸೀಮೆಯ ಬಗ್ಗೆ ಪುಸ್ತಕಗಳಲ್ಲಿ ಸಿಗುವ ಚರಿತ್ರೆಯಲ್ಲಿ ಹೆಚ್ಚಿನದು ರಸ್ತೆಯ ಚರಿತ್ರೆ. ಸೈನ್ಯ ಬಂದದ್ದು ಆ ರಸ್ತೆಯಲ್ಲಿ. ರೈಲು, ಕಾರ್ಖಾನೆ, ಸಿನಿಮಾ ಬಂದದ್ದೂ ಅದೇ ದಾರಿಯಲ್ಲಿ. ರಸ್ತೆಯಿಂದ ಒಳಗಿರುವ ಕೂಟಗಲ್‌ನಂಥ ಹೋಬಳಿಯ ಹೆಸರು ಆ ಪುಟಗಳಲ್ಲಿ ಕಾಣಿಸುವುದು ಅಪರೂಪ. ಆದರೆ ದಾರಿಯಲ್ಲಿ ಹೋಗಿಬಂದವರನ್ನು ಸಾಕಿದ್ದು, ಊರುಗಳು ಸುಟ್ಟಾಗ ಮತ್ತೆ ಉತ್ತು ಬಿತ್ತಿದ್ದು ಒಳಗಿನ ಈ ಹಳ್ಳಿಗಳೇ. ಈ ಲೇಖನ ನಾಲ್ಕೂ ತಾಲೂಕುಗಳ ಕಥೆಯನ್ನು ಕೂಟಗಲ್ ಕಡೆಯಿಂದ ನೋಡುತ್ತದೆ.

ಹೋಬಳಿ ಎಂಬ ಘಟಕ

ರಾಮನಗರ ತಾಲೂಕಿನಲ್ಲಿ ಕಸಬಾ, ಬಿಡದಿ, ಕೈಲಾಂಚ, ಕೂಟಗಲ್ ಎಂದು ನಾಲ್ಕು ಹೋಬಳಿಗಳಿವೆ. ಬಿಡದಿ ಹೆದ್ದಾರಿಯ ಮೇಲೇ ಇದೆ, ಅದು ಎಲ್ಲರಿಗೂ ಗೊತ್ತು. ಕೂಟಗಲ್ ಹೆದ್ದಾರಿ ಬಿಟ್ಟು ಒಳಗೆ, ಮಾಗಡಿ ಸೀಮೆಯ ಕಡೆಗೆ, ಬಂಡೆಗುಡ್ಡಗಳ ನಡುವೆ ಹರಡಿದೆ. ತಿಮ್ಮಪ್ಪನ ಗುಡಿಯಿರುವ ಬೆಟ್ಟ, ಸುತ್ತ ಮಾವಿನ ತೋಪು, ಹಿಪ್ಪುನೇರಳೆ ತೋಟ, ರಾಗಿ ಹೊಲ: ಹೊಸಬರಿಗೆ ಮೊದಲು ಕಾಣುವುದು ಇಷ್ಟು.

ಹಳೆ ಮೈಸೂರಿನ ಆಡಳಿತದಲ್ಲಿ ಹಳ್ಳಿಗೂ ತಾಲೂಕಿಗೂ ನಡುವಿನ ಮೆಟ್ಟಿಲು ಹೋಬಳಿ. ಇವತ್ತಿಗೂ ಜಾತಿ–ಆದಾಯ ಪ್ರಮಾಣಪತ್ರಕ್ಕೆ, ಪಿಂಚಣಿ ಅರ್ಜಿಗೆ, ಪಹಣಿಗೆ ಜನ ಹೋಗುವುದು ಹೋಬಳಿಯ ನಾಡಕಚೇರಿಗೆ. ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ 1963ರಲ್ಲಿ ಕೊನೆಗೊಂಡವು. ಆಮೇಲೆ ಬಂದವರು ವರ್ಗಾವಣೆಯಾಗಿ ಹೋಗುವ ಗ್ರಾಮ ಲೆಕ್ಕಿಗರು. ಶಾನುಭೋಗಿಕೆ ಹೋಗಿದ್ದು ಒಳ್ಳೆಯದೇ ಆಯಿತು, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಯಾವ ಹೊಲಕ್ಕೆ ಯಾರ ಹೆಸರು ಏಕೆ ಬಂತು, ಯಾವ ಕೆರೆಗೆ ಯಾರು ಕಲ್ಲು ಹೊತ್ತರು ಎಂಬ ಬಾಯಿಲೆಕ್ಕವೂ ಬಹುಪಾಲು ಅದರೊಂದಿಗೇ ಹೋಯಿತು.

ಬಂಡೆ

ಈ ಸೀಮೆಯ ಅತಿ ಹಳೆಯ ದಾಖಲೆ ಇಲ್ಲಿನ ಬೆಟ್ಟಗಳೇ. ಭೂವಿಜ್ಞಾನಿಗಳು ಇವುಗಳ ಶಿಲೆಯನ್ನು ‘ಕ್ಲೋಸ್‌ಪೇಟ್ ಗ್ರಾನೈಟ್’ ಎನ್ನುತ್ತಾರೆ. ರಾಮನಗರದ ಹಳೆಯ ಹೆಸರು ಊರಿನಲ್ಲಿ ಅಳಿಸಿಹೋದರೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಹಾಗೇ ಉಳಿದಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ, ಅದಕ್ಕಿಂತ ಹಳೆಯ ಶಿಲೆಗಳ ನಡುವೆ ಕೆಳಗಿನಿಂದ ಏರಿಬಂದ ಶಿಲಾಪಾಕ ಆಳದಲ್ಲೇ ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿದ್ದ ಪದರಗಳು ಕೋಟಿಗಟ್ಟಲೆ ವರ್ಷ ಸವೆದ ಮೇಲೆ ಬೋಳುಬಂಡೆಗಳು ಹೊರಬಿದ್ದವು. ದಕ್ಷಿಣದ ಕನಕಪುರದ ಕಡೆಯಿಂದ ಉತ್ತರದ ಬಳ್ಳಾರಿ ಸೀಮೆಯವರೆಗೆ ಸುಮಾರು 400 ಕಿ.ಮೀ. ಉದ್ದಕ್ಕೆ, ಇಪ್ಪತ್ತು ಕಿ.ಮೀ. ಆಸುಪಾಸಿನ ಅಗಲದಲ್ಲಿ ಈ ಪಟ್ಟಿ ಹಾದುಹೋಗುತ್ತದೆ. ಹತ್ತಿರ ಹೋಗಿ ನೋಡಿದರೆ ಬೂದು ಕಲ್ಲಿನೊಳಗೆ ಹೆಬ್ಬೆರಳಿನಷ್ಟು ದೊಡ್ಡ ನಸುಗೆಂಪು ಹರಳುಗಳು ಹುದುಗಿರುವುದು ಕಾಣುತ್ತದೆ. ಅವು ಫೆಲ್ಡ್‌ಸ್ಪಾರ್ ಖನಿಜದ ಹರಳುಗಳು.

ಕಲ್ಲೇ ಇಲ್ಲಿನ ಬದುಕಿನ ರೀತಿಯನ್ನು ಗೊತ್ತು ಮಾಡಿತು. ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲದೆ ಜಾರಿ ಬುಡಕ್ಕೆ ಇಳಿಯುತ್ತದೆ. ಹಾಗಾಗಿ ಬೆಟ್ಟದ ಬುಡದಲ್ಲಿ ಕೆರೆ, ಕೆರೆಯ ಹಿಂದೆ ಊರು. ಬಂಡೆಯ ಸೀಳಿನಲ್ಲಿ ನಿಂತ ನೀರು ದೊಣೆಯಾಗುತ್ತದೆ, ದೊಣೆ ಇದ್ದ ಕಡೆ ದೇವರು ನೆಲೆಸುತ್ತಾನೆ. ರಾಮನಗರದ ಸುತ್ತ ಜನ ಏಳು ಬೆಟ್ಟಗಳನ್ನು ಎಣಿಸುತ್ತಾರೆ: ಶಿವರಾಮಗಿರಿ, ಸೋಮಗಿರಿ, ಕೃಷ್ಣಗಿರಿ, ಯತಿರಾಜಗಿರಿ, ರೇವಣಸಿದ್ದೇಶ್ವರ, ಸಿಡಿಲಕಲ್ಲು, ಜಲಸಿದ್ದೇಶ್ವರ. ಎಲ್ಲಕ್ಕಿಂತ ದೊಡ್ಡದು ಮಾಗಡಿ ತಾಲೂಕಿನ ಸಾವನದುರ್ಗ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಬೆಟ್ಟಕ್ಕೆ ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಕೋಡುಗಳಿವೆ.

ಗೋರಿಗಲ್ಲು, ಶಾಸನ, ವೀರಗಲ್ಲು

ಸಾವನದುರ್ಗದ ಬುಡದಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿವೆ. ಬ್ರ್ಯಾನ್‌ಫಿಲ್ ಎಂಬ ಅಧಿಕಾರಿ 1881ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವುಗಳ ಬಗ್ಗೆ ಬರೆದ. ಚಪ್ಪಡಿಗಳನ್ನು ಪೆಟ್ಟಿಗೆಯಂತೆ ನಿಲ್ಲಿಸಿ, ಸುತ್ತ ಕಲ್ಲಿನ ವೃತ್ತ ಹಾಕಿ ಸತ್ತವರನ್ನು ಇಟ್ಟ ಈ ಜನರೂ ಇದೇ ಬಂಡೆಯನ್ನೇ ಸೀಳಿದವರು.

ಬರಹದ ಕಾಲಕ್ಕೆ ಬಂದರೆ, ಚನ್ನಪಟ್ಟಣದ ಪಶ್ಚಿಮಕ್ಕಿರುವ ಮಂಕುಂದ ಏಳನೆಯ ಶತಮಾನದ ಸುಮಾರಿಗೆ ಗಂಗರ ಅರಸರ ಬೀಡಾಗಿತ್ತು. ಗಂಗರ ನಂತರ ಚೋಳರು ಬಂದರು. ಚನ್ನಪಟ್ಟಣದಾಚೆ ಹೆದ್ದಾರಿ ಮಗ್ಗುಲಲ್ಲೇ ಇರುವ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯ ಆ ಕಾಲದ್ದು. ಅಲ್ಲಿನ ಅಂಬೆಗಾಲು ಕೃಷ್ಣನ ಮುಂದೆಯೇ ಪುರಂದರದಾಸರು ‘ಜಗದೋದ್ಧಾರನ’ ಹಾಡಿದರೆಂದು ಜನ ನಂಬುತ್ತಾರೆ. ಮಕ್ಕಳಾಗಲೆಂದು ಹರಸಿಕೊಂಡವರು ತಂದು ಕಟ್ಟಿದ ಮರದ ತೊಟ್ಟಿಲುಗಳು ಗುಡಿಯೊಳಗೆ ಸಾಲಾಗಿ ತೂಗುತ್ತವೆ.

ಚೋಳರ ನಂತರ ಹೊಯ್ಸಳರು, ಆಮೇಲೆ ವಿಜಯನಗರ. ಅರಸರ ಹೆಸರು ಬದಲಾಗುತ್ತ ಹೋದರೂ ಈ ಸೀಮೆಯ ಶಾಸನಗಳಲ್ಲಿ ಮತ್ತೆಮತ್ತೆ ಬರುವುದು ಕೆರೆ, ಗದ್ದೆ, ದತ್ತಿ, ದನಗಳ ಜಗಳ. ಬಿ.ಎಲ್. ರೈಸ್ ಈ ನಾಲ್ಕು ತಾಲೂಕುಗಳ ಶಾಸನಗಳನ್ನು ಬೆಂಗಳೂರು ಜಿಲ್ಲೆಯ ಉಳಿದವುಗಳೊಂದಿಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಅಚ್ಚು ಹಾಕಿಸಿದರು. ಊರಿನ ಚರಿತ್ರೆ ಹುಡುಕುವವರು ಮೊದಲು ತೆರೆಯಬೇಕಾದ ಪುಸ್ತಕ ಅದು.

ಶಾಸನದಷ್ಟು ಮರ್ಯಾದೆ ಸಿಗದೆ ಹೊಲದ ಬದುವಿನಲ್ಲಿ, ಅರಳಿಕಟ್ಟೆಯ ಬುಡದಲ್ಲಿ ಬಿದ್ದಿರುವುದು ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ: ಕತ್ತಿ ಹಿಡಿದವನು, ಬಿಲ್ಲಾಳು, ಒಮ್ಮೊಮ್ಮೆ ಹಿಂದೆ ಹಸುಗಳು. ನಡುವೆ ಅಪ್ಸರೆಯರು ಸತ್ತವನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲಿನ ಅಂಕಣದಲ್ಲಿ ಲಿಂಗದ ಮುಂದೆ ಅವನು ಕುಳಿತಿರುತ್ತಾನೆ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಹಸು ಇದ್ದರೆ ಅದು ತುರುಗೊಳ್ ಕಾಳಗದ ಕಲ್ಲು, ಅಂದರೆ ಕಳ್ಳರು ಹೊಡೆದುಕೊಂಡು ಹೋದ ದನ ಬಿಡಿಸಲು ಹೋಗಿ ಸತ್ತವನದು. ಬರಹವಿಲ್ಲದ ಇಂಥ ಕಲ್ಲು ಯಾವ ಸಂಪುಟಕ್ಕೂ ಸೇರಲಿಲ್ಲ. ದೇವಸ್ಥಾನ ಹೊಸದಾಗಿ ಕಟ್ಟುವಾಗ ಇವನ್ನು ಮೆಟ್ಟಿಲಿಗೆ ಹಾಕಿಬಿಡುವುದು, ಬಣ್ಣ ಬಳಿದುಬಿಡುವುದು ನಡೆದೇ ಇದೆ. ಊರಿಗಾಗಿ ಸತ್ತವನ ಒಂದೇ ಒಂದು ಗುರುತು ಹೀಗೆ ಹೋಗುವುದನ್ನು ನೋಡಲಾಗುವುದಿಲ್ಲ.

ಪಾಳೆಯಗಾರರು

ವಿಜಯನಗರದ ಕೊನೆಗಾಲದಲ್ಲಿ ಈ ಸೀಮೆ ಎರಡು ಮನೆತನಗಳ ಕೈಯಲ್ಲಿತ್ತು. ಬಾರಾಮಹಲಿನ ಕಡೆಯ ಜಗದೇವರಾಯ 1577ರಲ್ಲಿ ಪೆನುಕೊಂಡೆಯನ್ನು ಮುತ್ತಿಗೆಯಿಂದ ಕಾಪಾಡಿದ್ದಕ್ಕೆ ದೊಡ್ಡ ಪ್ರಾಂತ್ಯವನ್ನೇ ಪಡೆದು ಚನ್ನಪಟ್ಟಣವನ್ನು ರಾಜಧಾನಿ ಮಾಡಿಕೊಂಡ. ಅವನ ಮನೆತನದ ಆಳ್ವಿಕೆ 1630ರವರೆಗೆ ನಡೆದು, ಕೊನೆಗೆ ಮೈಸೂರಿನ ಚಾಮರಾಜ ಒಡೆಯರ ಪಾಲಾಯಿತು.

ಇನ್ನೊಂದು ಮನೆತನ ಕೆಂಪೇಗೌಡರದು. ಬೆಂಗಳೂರು ಕಟ್ಟಿದವರೆಂದೇ ಎಲ್ಲರಿಗೂ ಪರಿಚಿತರಾದ ಈ ವಂಶದವರು 1638ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬೆಂಗಳೂರು ಬಿಟ್ಟುಕೊಟ್ಟು ಮಾಗಡಿಗೆ ಬಂದರು. ಅಲ್ಲಿಂದ ತೊಂಬತ್ತು ವರ್ಷ ಮಾಗಡಿಯೇ ಅವರ ರಾಜಧಾನಿ. ಮಾಗಡಿ ಕೋಟೆ, ಸೋಮೇಶ್ವರ ದೇವಾಲಯ, ಸುತ್ತಲಿನ ಎಷ್ಟೋ ಕೆರೆಗಳು ಈ ವಂಶದ ಕಾಲದವು. 1728ರಲ್ಲಿ ಮೈಸೂರಿನ ದಳವಾಯಿ ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದು ಕೊನೆಯ ಕೆಂಪೇಗೌಡನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಮಾಗಡಿ ತಾಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಇರುವುದು ನಾಡಿಗೆ ಗೊತ್ತಾದದ್ದು 2015ರಲ್ಲಿ. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ, ಬಸ್ ನಿಲ್ದಾಣ, ವಿಮಾನ ನಿಲ್ದಾಣ ಎಲ್ಲ ಆದ ಮೇಲೆ. ಹಳ್ಳಿಯ ಚರಿತ್ರೆಗೆ ನಾವು ಎಷ್ಟು ತಡವಾಗಿ ತಿರುಗುತ್ತೇವೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬೆಟ್ಟಗಳು ಸೆರೆಮನೆಯೂ ಆಗಿದ್ದವು. ಕನಕಪುರ ತಾಲೂಕಿನ ಕಬ್ಬಾಳದುರ್ಗದಲ್ಲಿ ಮೈಸೂರಿನ ಇನ್ನೊಬ್ಬ ಅರಸ ಚಾಮರಾಜ ಒಡೆಯರನ್ನೇ ದಳವಾಯಿಗಳು ಬಂಧಿಸಿಟ್ಟಿದ್ದರು. ಅವರು 1734ರಲ್ಲಿ ಅಲ್ಲೇ ತೀರಿಕೊಂಡರು. ಇವತ್ತು ಅದೇ ಬೆಟ್ಟದ ಬುಡಕ್ಕೆ ಮಂಗಳವಾರ, ಶುಕ್ರವಾರ ಜನ ಬಸ್ಸು ತುಂಬಿ ಬರುವುದು ಕಬ್ಬಾಳಮ್ಮನ ದರ್ಶನಕ್ಕೆ.

1791: ದಾರಿಯ ಮೇಲಿನ ಯುದ್ಧ

ಬೆಂಗಳೂರು ಕೋಟೆ 1791ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾನಾಯಕ ಕಾರ್ನ್‌ವಾಲಿಸ್ ಕೈಗೆ ಬಿತ್ತು. ಅವನ ಗುರಿ ಶ್ರೀರಂಗಪಟ್ಟಣ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪುವಿನ ಬೆಟ್ಟದ ಕೋಟೆಗಳು ಕಾವಲಿದ್ದುದರಿಂದ ಮೇ ತಿಂಗಳಲ್ಲಿ ಅವನ ಸೈನ್ಯ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರದ ದಾರಿ ಹಿಡಿಯಿತು. ಶತ್ರುವಿಗೆ ಹುಲ್ಲು, ಕಾಳು, ದನ ಏನೂ ಸಿಗಬಾರದೆಂದು ಟಿಪ್ಪು ಆ ದಾರಿಯ ಊರುಗಳನ್ನೆಲ್ಲ ಬರಿದು ಮಾಡಿಸಿದ್ದ. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಹೋದರೂ ಎತ್ತುಗಳು ಸತ್ತು, ಅನ್ನ ಮುಗಿದು, ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಟಿಪ್ಪುವಿನ ಯುದ್ಧತಂತ್ರ ಫಲಿಸಿತೆಂದು ಚರಿತ್ರೆಕಾರರು ಬರೆಯುತ್ತಾರೆ. ಅದರ ಬೆಲೆ ತೆತ್ತವರು ಕನಕಪುರದ ರೈತರು. 1799ರಲ್ಲಿ ಜನರಲ್ ಹ್ಯಾರಿಸ್‌ನ ಸೇನೆಯೂ ಇದೇ ದಾರಿಯಲ್ಲಿ ಮಳವಳ್ಳಿಯತ್ತ ಸಾಗಿದಾಗ ಇದೇ ಊರುಗಳು ಎರಡನೇ ಸಲ ಹಾಳಾದವು.

1791ರ ಆ ಹಿನ್ನಡೆಯ ನಂತರ ಕಾರ್ನ್‌ವಾಲಿಸ್ ಬೆನ್ನ ಹಿಂದಿನ ಬೆಟ್ಟಗಳನ್ನು ಒಂದೊಂದಾಗಿ ತೆಗೆದುಕೊಳ್ಳಲು ಹೊರಟ. ಅಕ್ಟೋಬರಿನಲ್ಲಿ ನಂದಿದುರ್ಗ ಬಿತ್ತು. ಡಿಸೆಂಬರ್ 21ರಂದು ಸಾವನದುರ್ಗ. ಬಿದಿರು ಮೆಳೆಯ ಕಾಡು, ಎತ್ತ ನೋಡಿದರೂ ಜಾರುಬಂಡೆ, ನೀರು ಗಾಳಿ ಸರಿಯಿಲ್ಲದ ಜಾಗ ಎಂದು ಹೆಸರಾದ ಈ ಕೋಟೆಯನ್ನು ಮುಟ್ಟಲಾಗದು ಎಂದೇ ಎಲ್ಲರೂ ನಂಬಿದ್ದರು. ಫಿರಂಗಿ ಗೋಡೆ ಒಡೆದ ಮೇಲೆ ದಾಳಿ ಒಂದು ಗಂಟೆಯೊಳಗೆ ಮುಗಿಯಿತು. ಅದರ ಬೆನ್ನಿಗೇ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಹೋದವು. ಸೈನ್ಯದೊಂದಿಗೆ ಬಂದಿದ್ದ ರಾಬರ್ಟ್ ಹೋಮ್, ಕೋಲ್‌ಬ್ರೂಕ್ ಮೊದಲಾದವರು ಈ ಬೆಟ್ಟಗಳ ಚಿತ್ರ ಬರೆದು ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಇನ್ನೂರು ವರ್ಷ ಹಿಂದೆ ರಾಮನಗರದ ಪಕ್ಕದ ರಾಮದೇವರ ಬೆಟ್ಟ ಹೇಗಿತ್ತೆಂದು ನಮಗೆ ಕಾಣಿಸುವುದು ಗೆದ್ದವರ ಆ ಚಿತ್ರಗಳಲ್ಲೇ.

ಕ್ಲೋಸ್‌ಪೇಟೆ, ಮತ್ತು ಬುಕನನ್ ಕಂಡದ್ದು

ಟಿಪ್ಪುವಿನ ನಂತರ ದಿವಾನ್ ಪೂರ್ಣಯ್ಯ ರಸ್ತೆಯನ್ನು ಭದ್ರ ಮಾಡಲು 1800ರಲ್ಲಿ ಕಾಡಿನ ನಡುವೆ ಒಂದು ಪೇಟೆ ಕಟ್ಟಿಸಿದ. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಅದು ಕ್ಲೋಸ್‌ಪೇಟೆ ಆಯಿತು. ಬಹುಕಾಲ ಅದು ಚನ್ನಪಟ್ಟಣ ತಾಲೂಕಿಗೆ ಸೇರಿದ ಉಪತಾಲೂಕು. ರಾಮನಗರ ಎಂಬ ಹೆಸರು ಕೊಟ್ಟವರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯ.

ಅದೇ 1800ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆದೇಶದ ಮೇಲೆ ಈ ನಾಡನ್ನು ಸುತ್ತಿ, ಬೆಳೆ, ಕಸುಬು, ಬೆಲೆ ಎಲ್ಲವನ್ನೂ ಬರೆದಿಟ್ಟ. ಚನ್ನಪಟ್ಟಣದಲ್ಲಿ ಅವನ ಕಣ್ಣಿಗೆ ಬಿದ್ದದ್ದು ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವ ಕಸುಬು. ಇಲ್ಲಿನ ತಂತಿಗೆ ಭಾರತದ ದೂರದೂರದ ಊರುಗಳಲ್ಲಿ ಗಿರಾಕಿಯಿತ್ತು. ಇನ್ನೊಂದು ಕುಟುಂಬ ಅರಮನೆಗೆಂದೇ ಅಚ್ಚ ಬಿಳಿ ಸಕ್ಕರೆ ಮಾಡುತ್ತಿತ್ತು. ಮಾಗಡಿ ಕಡೆ ಕಬ್ಬಿಣದ ಅದಿರು ಕರಗಿಸಿ ಉಕ್ಕು ಮಾಡುವ ಕುಲುಮೆಗಳನ್ನೂ ಅವನು ವಿವರವಾಗಿ ವರ್ಣಿಸಿದ. ಬೆಟ್ಟದ ಕೋಟೆಗಳು ಬಿದ್ದು ಹತ್ತು ವರ್ಷವೂ ಆಗಿರಲಿಲ್ಲ, ಆಗಲೇ ಕೈಕಸುಬು ಎದ್ದು ನಿಂತಿತ್ತು. ವೀಣೆಗೆ ತಂತಿ ಮಾಡುತ್ತಿದ್ದ ಆ ಮನೆಗಳ ಕಥೆ ಯಾರೂ ಪೂರ್ತಿ ಬರೆದಿಲ್ಲವಲ್ಲ ಎಂಬ ಕೊರಗು ನನಗಿದೆ.

ರೇಷ್ಮೆ

ಈ ಸೀಮೆಯ ರಸ್ತೆಯ ಊರುಗಳನ್ನೂ ಬಂಡೆಯ ಊರುಗಳನ್ನೂ ಒಂದೇ ನೂಲಿನಲ್ಲಿ ಕಟ್ಟಿದ್ದು ರೇಷ್ಮೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಹೊರಗಿನಿಂದ ಮೊಟ್ಟೆ ತರಿಸಿ ರೇಷ್ಮೆ ಸಾಕಾಣಿಕೆಗೆ ಬುನಾದಿ ಹಾಕಿದ. ಆಮೇಲೆ ರೋಗದಿಂದ ಒಮ್ಮೆ ಕುಸಿದ ಈ ಉದ್ಯಮವನ್ನು ಎತ್ತಿ ನಿಲ್ಲಿಸಲು ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿತು. ಅವನ ಸಲಹೆಯಂತೆ 1914ರ ಸುಮಾರಿಗೆ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಶುರುವಾಯಿತು. ರೋಗವಿಲ್ಲದ ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಯೇ ರೈತರಿಗೆ ಕೊಡುವ ಪದ್ಧತಿ ಹರಡಿತು. ಹಳದಿ–ಹಸಿರು ಗೂಡಿನ ‘ಮೈಸೂರು’ ತಳಿಯ ಬಿತ್ತನೆ ಗೂಡನ್ನು ಮಾಗಡಿ, ಕುಣಿಗಲ್ ಕಡೆಯ ರೈತರು ಇಂದಿಗೂ ಬೆಳೆಯುತ್ತಾರೆ. ಅದನ್ನು ಬಿಳಿ ಗೂಡಿನ ಬೈವೋಲ್ಟೀನ್ ತಳಿಯೊಡನೆ ಬೆರೆಸಿದರೆ ಮಿಶ್ರತಳಿ ಮೊಟ್ಟೆ, ಊರ ಭಾಷೆಯಲ್ಲಿ ಸಿ.ಬಿ.

ಹಳ್ಳಿಯಲ್ಲಿ ರೇಷ್ಮೆ ಮನೆಯ ಬೆಳೆ. ಚಾಕಿ ಹುಳ, ಅಂದರೆ ಎಳೆಯ ಹುಳ, ತಂದಂದಿನಿಂದ ಗೂಡು ಬಿಡಿಸುವವರೆಗೆ ಸುಮಾರು ಒಂದು ತಿಂಗಳು ಮನೆಮಂದಿಗೆಲ್ಲ ಅದೇ ಕೆಲಸ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ತಿನ್ನುವುದು ಬಿಟ್ಟು ತಲೆಯೆತ್ತಿ ಮಲಗುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದಕ್ಕೆ ಹಾಕಿದ ಸೊಪ್ಪು ಸಾಲುವುದಿಲ್ಲ. ರಾತ್ರಿ ಹುಳದ ಮನೆಯಲ್ಲಿ ನಿಂತರೆ ಲಕ್ಷಗಟ್ಟಲೆ ಬಾಯಿಗಳು ಎಲೆ ಕತ್ತರಿಸುವ ಸದ್ದು ಜಡಿಮಳೆ ಸುರಿದಂತೆ ಕೇಳುತ್ತದೆ. ಮೈ ಹಳದಿಗೆ ತಿರುಗಿ ಪಾರದರ್ಶಕವಾದಾಗ ಹುಳ ‘ಹಣ್ಣಾಯಿತು’ ಎಂದರ್ಥ. ಅವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ಎರಡು ದಿನ ಹೆಂಗಸರಿಗೆ ನಿದ್ದೆಯಿಲ್ಲ. ಸೊಪ್ಪು ಕೊಯ್ಯುವುದು, ಹಿಕ್ಕೆ ತೆಗೆಯುವುದು, ಹಣ್ಣು ಹುಳ ಆರಿಸುವುದು ಬಹುಪಾಲು ಅವರ ದುಡಿಮೆ. ಮಾರುಕಟ್ಟೆಯ ಚೀಟಿಯಲ್ಲಿ ಮಾತ್ರ ಸಾಮಾನ್ಯವಾಗಿ ಗಂಡಸಿನ ಹೆಸರಿರುತ್ತದೆ.

ಆ ಚೀಟಿ ಬರುವುದು ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಿಂದ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ಮಾರುಕಟ್ಟೆಗೆ ನೆರೆಯ ಜಿಲ್ಲೆಗಳಿಂದ ಮಾತ್ರವಲ್ಲ, ಆಂಧ್ರ, ತಮಿಳುನಾಡಿನಿಂದಲೂ ಗೂಡು ಬರುತ್ತದೆ. ರೈತ ಗೂಡನ್ನು ಜಾಲರಿಯಲ್ಲಿ ಸುರಿದು ಲಾಟ್ ನಂಬರಿನೊಂದಿಗೆ ಕಾದು ನಿಲ್ಲುತ್ತಾನೆ. ನೂಲು ತೆಗೆಸುವ ರೀಲರ್ ಬಂದು ಕೈತುಂಬ ಗೂಡು ಎತ್ತಿ ಹಗುರವೋ ಭಾರವೋ ನೋಡುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೋಶದ ಸದ್ದು ಕೇಳುತ್ತಾನೆ, ಬೆರಳಿನಿಂದ ಒತ್ತಿ ಗಟ್ಟಿತನ ಪರೀಕ್ಷಿಸುತ್ತಾನೆ. ನೂಲು ಎಷ್ಟು ಇಳಿಯುತ್ತದೆಂಬುದು ಅಷ್ಟರಲ್ಲೇ ಅವನಿಗೆ ಅಂದಾಜಾಗುತ್ತದೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ, ಹಣ ಬ್ಯಾಂಕ್ ಖಾತೆಗೆ ಹೋಗುತ್ತದೆ. 1959ರ ರೇಷ್ಮೆ ಕಾಯ್ದೆಯ ಪ್ರಕಾರ ಗೂಡಿನ ವ್ಯಾಪಾರ ಮಾರುಕಟ್ಟೆಯೊಳಗೇ ಆಗಬೇಕು. ತೂಕದಲ್ಲಿ, ದರದಲ್ಲಿ ಮೋಸವಾಗದಂತೆ ರೈತನಿಗೆ ಸಿಕ್ಕ ದೊಡ್ಡ ಆಸರೆ ಅದು.

ಹಳ್ಳಿಯಿಂದ ಗೂಡು ತರುವವರಲ್ಲಿ ಒಕ್ಕಲಿಗರು ಹೆಚ್ಚು. ಬಿಸಿನೀರಿನ ಬಾಣಲಿಯ ಮುಂದೆ ಕುಳಿತು ನೂಲು ತೆಗೆಸುವ ರೀಲರುಗಳಲ್ಲಿ ಮುಸ್ಲಿಂ ಕುಟುಂಬಗಳು ಹೆಚ್ಚು. ಇವರಿಲ್ಲದೆ ಅವರಿಲ್ಲ. ಈ ಊರಿನ ಸಮಾಜವನ್ನು ಅರ್ಥ ಮಾಡಿಕೊಳ್ಳಲು ಹೊರಟವರು ಮಾರುಕಟ್ಟೆಯ ಹಜಾರದಲ್ಲಿ ಒಂದು ಬೆಳಗ್ಗೆ ನಿಂತರೆ ಬಹಳಷ್ಟು ತಿಳಿಯುತ್ತದೆ.

ಆಲೆಮರದ ಗೊಂಬೆ

ಚನ್ನಪಟ್ಟಣದ ಬಣ್ಣದ ಗೊಂಬೆಗೆ ಬೇಕಾದ ಮರ ಆಲೆಮರ. ಮೃದುವಾದ, ಬೆಳ್ಳಗಿನ, ಎಳೆ ಬಿಡದ ಈ ಮರ ಸುತ್ತಲಿನ ಕುರುಚಲು ಕಾಡಿನದು. ಅದನ್ನು ಚೆನ್ನಾಗಿ ಒಣಗಿಸಿ, ಚರಕಕ್ಕೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯಿಂದ ತೀಡಿದಾಗ ಹೊಳಪು ಏಳುತ್ತದೆ. ಬಣ್ಣ ಬಳಿಯಲು ಕುಂಚವಿಲ್ಲ, ಒಣಗಿಸಲು ಬಿಸಿಲೂ ಬೇಡ.

ಈ ಕಸುಬಿಗೆ ಹೊಸ ರೂಪ ಕೊಟ್ಟವರೆಂದು ಊರಿನವರು ಬಾವಾಸ್ ಮಿಯಾನ್ ಅವರನ್ನು ಇಂದಿಗೂ ನೆನೆಯುತ್ತಾರೆ. ಜಪಾನಿನ ಅರಗಿನ ಕೆಲಸ ಕಲಿತು ಬಂದು ಇಲ್ಲಿನವರಿಗೆ ಕಲಿಸಿದರೆಂಬುದು ಅವರ ಖ್ಯಾತಿ. ಅಗ್ಗದ ಪ್ಲಾಸ್ಟಿಕ್ ಗೊಂಬೆಗಳು ಬಂದಾಗ ಎಷ್ಟೋ ಮನೆಗಳ ಚರಕ ನಿಂತವು. 2006ರಲ್ಲಿ ಸಿಕ್ಕ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿಂದ ಹೆಸರಿಗೆ ರಕ್ಷಣೆ ಬಂತು. ನಾನು ಗಮನಿಸಿದಂತೆ ಕಸುಬನ್ನು ಉಳಿಸುತ್ತಿರುವುದು ಇಷ್ಟೇ ಅಲ್ಲ: ಮಗು ಬಾಯಿಗಿಟ್ಟರೂ ತೊಂದರೆಯಿಲ್ಲದ, ಅರಿಶಿನ, ನೀಲಿಯಂಥ ಗಿಡದ ಬಣ್ಣ ಹಾಕಿದ ಗೊಂಬೆಯನ್ನು ಕೇಳಿ ಕೊಳ್ಳುವ ತಾಯಂದಿರ ಪಾಲೂ ಇದೆ.

ನೀರು, ಮಾವು, ಆನೆ

ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ಹಾಯ್ದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅಲ್ಲಿಂದ ಮುಂದೆ ಮೇಕೆದಾಟು. ತಿಪ್ಪಗೊಂಡನಹಳ್ಳಿ ಅಣೆಕಟ್ಟು 1933ರಲ್ಲಿ ಬೆಂಗಳೂರಿಗೆ ಕುಡಿಯುವ ನೀರಿಗಾಗಿ ಕಟ್ಟಿದ್ದು. ರಾಜಧಾನಿಗೆ ನೀರು ಕೊಟ್ಟ ಹೊಳೆ ಕೆಳಗಿನ ಊರುಗಳಿಗೆ ಬರುವಾಗ ಅದೇ ರಾಜಧಾನಿಯ ಕೊಳಚೆ ಹೊತ್ತು ತರುತ್ತಿದೆ. ಇದು ಅನ್ಯಾಯ, ಬೇರೆ ಮಾತಿಲ್ಲ. ಮಾಗಡಿ ಸೀಮೆಯಲ್ಲಿ ಹುಟ್ಟಿ ಶಿಂಷಾ ಸೇರುವ ಕಣ್ವ ನದಿಗೆ 1946ರಲ್ಲಿ ಕಟ್ಟಿದ ಜಲಾಶಯ ಕೂಟಗಲ್ಲಿನವರಿಗೆ ಹತ್ತಿರದ್ದು.

ನೀರಾವರಿ ಇಲ್ಲದ ಕೆಂಪು ಗರಸು ಮಣ್ಣಿನಲ್ಲಿ ರಾಗಿ ಜೊತೆಗೆ ನಿಂತದ್ದು ಮಾವು. ಬಾದಾಮಿ, ರಸಪುರಿ, ಸೇಂದೂರ, ತೋತಾಪುರಿ. ರಾಜ್ಯದಲ್ಲಿ ಮೊದಲು ಮಾರುಕಟ್ಟೆಗೆ ಬರುವ ಹಣ್ಣು ಈ ಜಿಲ್ಲೆಯದು. ಆಮೇಲೆ ಕೋಲಾರ, ಶ್ರೀನಿವಾಸಪುರದ ಹಣ್ಣು ಬಂದು ಬೆಲೆ ಇಳಿಯುವುದರೊಳಗೆ ಮಾರಿಬಿಡಬೇಕು. ಅದಕ್ಕೇ ಹೂ ಬಿಟ್ಟಾಗಲೇ ತೋಟ ಗುತ್ತಿಗೆಗೆ ಕೊಡುವವರೂ ಇದ್ದಾರೆ. ಕಾವೇರಿ ವನ್ಯಧಾಮದ ಕಡೆಯಿಂದ ಕನಕಪುರ, ಚನ್ನಪಟ್ಟಣದ ಕಾಡು ದಾಟಿ ಬರುವ ಆನೆ, ಗುಡ್ಡದ ಗವಿಯಿಂದ ಇಳಿಯುವ ಕರಡಿ, ಚಿರತೆ ಇಲ್ಲಿನ ರೈತರ ನಿತ್ಯದ ಭಯ.

ಬೆಟ್ಟದ ಮೇಲೆ ಕ್ಯಾಮೆರಾ, ಬೆಟ್ಟದ ಮೇಲೆ ಹದ್ದು

ರಮೇಶ್ ಸಿಪ್ಪಿ 1973ರಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ ‘ರಾಮಗಢ’ ಎಂಬ ಇಡೀ ಹಳ್ಳಿಯನ್ನೇ ಕಟ್ಟಿಸಿ ‘ಶೋಲೆ’ ಚಿತ್ರೀಕರಣ ಶುರುಮಾಡಿದರು. ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ಹತ್ತು ವರ್ಷದೊಳಗೆ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ಗೆ ಬೇಕಾದ ಗುಹೆಗಳಿಗಾಗಿ ಸಾವನದುರ್ಗಕ್ಕೆ ಬಂದ.

ರಾಮದೇವರ ಬೆಟ್ಟದ ಕಡಿದಾದ ಅಂಚುಗಳಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡ ಕೆಡಿಸಿ ಭಾರತದಾದ್ಯಂತ ಅವುಗಳ ಸಂತತಿಯನ್ನೇ ಅಳಿಸುತ್ತ ಬಂತು. ಪಶುವೈದ್ಯಕೀಯದಲ್ಲಿ ಅದರ ಬಳಕೆಗೆ 2006ರಲ್ಲಿ ನಿಷೇಧ ಬಿತ್ತು. ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ 2012ರಲ್ಲಿ ದೇಶದ ಮೊದಲ ರಣಹದ್ದು ವನ್ಯಧಾಮವಾಯಿತು. ಪ್ರವಾಸಿಗರು ಗಬ್ಬರ್‌ಸಿಂಗ್‌ನ ಬಂಡೆ ಎಲ್ಲಿ ಎಂದು ಕೇಳುತ್ತಾರೆ. ತಲೆಯೆತ್ತಿ ಹದ್ದಿನ ಹಿಕ್ಕೆಯಿಂದ ಬೆಳ್ಳಗಾದ ಅಂಚನ್ನೂ ನೋಡಿ ಎಂದು ನಾನು ಅವರಿಗೆ ಹೇಳುತ್ತೇನೆ.

ಮುಖ್ಯಮಂತ್ರಿಗಳು, ಜಿಲ್ಲೆಯ ಹೆಸರುಗಳು

ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಹನುಮಂತಯ್ಯ ಹೆಸರಿನ ಮುಂದೆ ಸೇರಿಸಿಕೊಂಡದ್ದು ಹನುಮಂತನ ಗುಡಿ, ದನಗಳ ಜಾತ್ರೆಗೆ ಹೆಸರಾದ ಕೆಂಗಲ್ಲನ್ನು. 1952ರಿಂದ 1956ರವರೆಗೆ ಮುಖ್ಯಮಂತ್ರಿಯಾಗಿದ್ದ ಅವರು ವಿಧಾನಸೌಧ ಕಟ್ಟಿಸಿದರು. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ವಿಧಾನಸಭೆಗೆ ಬಂದದ್ದು ಕನಕಪುರದ ಉಪಚುನಾವಣೆಯಿಂದ. 1994ರಲ್ಲಿ ಎಚ್.ಡಿ. ದೇವೇಗೌಡರು, 2004ರಲ್ಲಿ ಎಚ್.ಡಿ. ಕುಮಾರಸ್ವಾಮಿ ರಾಮನಗರದಿಂದ ಗೆದ್ದರು, ಇಬ್ಬರೂ ಮುಖ್ಯಮಂತ್ರಿಗಳಾದರು. ಮಾಗಡಿ ತಾಲೂಕಿನ ವೀರಾಪುರ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಹುಟ್ಟೂರು. ಬಿಡದಿ ಬಳಿಯ ಬಾನಂದೂರು ಬಾಲಗಂಗಾಧರನಾಥ ಸ್ವಾಮೀಜಿಯವರದು. ಅದೇ ಮಾಗಡಿಯ ಹುಲಿಕಲ್‌ನಿಂದ ಕುದೂರಿನ ದಾರಿಗೆ ನೀರು ಹೊತ್ತು ಆಲದ ಸಾಲು ಬೆಳೆಸಿದವರು ಸಾಲುಮರದ ತಿಮ್ಮಕ್ಕ. ಈ ನೆಲದ ದೊಡ್ಡವರ ಪಟ್ಟಿ ಮಾಡುವಾಗ ನಾನು ಅವರನ್ನು ಮೊದಲು ಬರೆಯುತ್ತೇನೆ.

ಆಡಳಿತದ ಗಡಿಗಳು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ನಾಲ್ಕೂ ತಾಲೂಕುಗಳು ಮೊದಲು ಬೆಂಗಳೂರು ಜಿಲ್ಲೆಯಲ್ಲಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದವು. 2007ರ ಸೆಪ್ಟೆಂಬರಿನಲ್ಲಿ ರಾಮನಗರ ಜಿಲ್ಲೆಯಾಯಿತು. ಆಮೇಲೆ ಕನಕಪುರದಿಂದ ಹಾರೋಹಳ್ಳಿ ಬೇರೆ ತಾಲೂಕಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 10.8 ಲಕ್ಷ. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ತೀರ್ಮಾನಿಸಿತು. ಭೂಮಿಗೆ ಬೆಲೆ, ಉದ್ಯಮಕ್ಕೆ ಬಂಡವಾಳ ಬರುತ್ತದೆಂಬುದು ಅದನ್ನು ಒಪ್ಪಿದವರ ವಾದ. ಊರಿನ ಗುರುತು ಹೋಗುತ್ತದೆಂಬುದು ವಿರೋಧಿಸಿದವರ ನೋವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಹೋಗುತ್ತದೆ. ರಸ್ತೆಬದಿಯ ತಟ್ಟೆ ಇಡ್ಲಿ, ಗೊಂಬೆ ಅಂಗಡಿಗಳ ವ್ಯಾಪಾರಕ್ಕೆ ಅದರ ಪೆಟ್ಟು ಬಿದ್ದಿದೆ.

ಹೋಬಳಿಯ ಚರಿತ್ರೆ ಎಲ್ಲಿ ಸಿಗುತ್ತದೆ

ಅಮೆರಿಕದಲ್ಲಿ ಸ್ವಾತಂತ್ರ್ಯದ ನೂರನೇ ವರ್ಷವಾದ 1876ರ ಸುಮಾರಿನಿಂದ ಒಂದೊಂದು ಕೌಂಟಿಗೂ ಒಂದೊಂದು ಚರಿತ್ರೆಯ ಪುಸ್ತಕ ಬರೆಯುವ ಅಲೆಯೇ ಎದ್ದಿತು. ಇಂಗ್ಲೆಂಡಿನಲ್ಲಿ 1899ರಲ್ಲಿ ಶುರುವಾದ ವಿಕ್ಟೋರಿಯಾ ಕೌಂಟಿ ಹಿಸ್ಟರಿ ಇನ್ನೂ ನಡೆಯುತ್ತಿದೆ. ನಮ್ಮಲ್ಲಿ ಜಿಲ್ಲಾ ಗೆಝೆಟಿಯರ್ ಇದೆ, ಅದರಲ್ಲಿ ಹೋಬಳಿಗೆ ಸಿಗುವುದು ಹೆಚ್ಚೆಂದರೆ ಒಂದೆರಡು ಸಾಲು. ಆದರೂ ಸಾಮಗ್ರಿಗೆ ಕೊರತೆಯಿಲ್ಲ.

ಕೂಟಗಲ್ ಹೋಬಳಿಯ ಚರಿತ್ರೆ ಬರೆಯಲು ಕೂರುವ ಮೇಷ್ಟ್ರಿಗೋ ಕಾಲೇಜು ಹುಡುಗಿಗೋ ಮೊದಲು ಬೇಕಾದದ್ದು ಗ್ರಾಮನಕ್ಷೆ. ಅದರಲ್ಲಿ ಕೆರೆ, ಗೋಮಾಳ, ಬಂಡಿದಾರಿ, ಬೇಚರಾಕ್ ಗ್ರಾಮ ಎಲ್ಲ ಗುರುತಾಗಿರುತ್ತದೆ. ಬೇಚರಾಕ್ ಎಂದರೆ ಜನ ಬಿಟ್ಟುಹೋದ, ದೀಪ ಹಚ್ಚುವವರಿಲ್ಲದ ಊರು. ಬರವೋ, ಪ್ಲೇಗೋ, ದಂಡೋ ಎಂದು ಕೇಳುತ್ತ ಹೋದರೆ ಪಕ್ಕದ ಊರಿನ ಹಿರಿಯರಲ್ಲಿ ಯಾರಾದರೂ ಒಬ್ಬರು ಆ ಊರಿನ ದೇವರನ್ನು ತಮ್ಮೂರಿಗೆ ತಂದ ಕಥೆ ಹೇಳುತ್ತಾರೆ. ತಾಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಹಳೆಯ ಭೂದಾಖಲೆ, ಇನಾಂ ರದ್ದತಿಯ ಕಡತ, 1974ರ ಭೂಸುಧಾರಣೆಯ ನಂತರದ ಡಿಕ್ಲರೇಷನ್ ಅರ್ಜಿಗಳು ಸಿಗುತ್ತವೆ. ಗೇಣಿದಾರ ಒಡೆಯನಾದದ್ದು ಆ ಕಾಗದಗಳಲ್ಲಿದೆ. ಹೊಲದ ಹೆಸರುಗಳು, ಕೊಂಡ ಹಾಯುವ ಹಬ್ಬದಲ್ಲಿ ಯಾವ ಮನೆಗೆ ಯಾವ ಕೆಲಸ ಎಂಬ ಕಟ್ಟಳೆ, ಮದುವೆಯ ಸೋಬಾನೆ ಪದ: ಇವು ಕಾಗದದಲ್ಲಿಲ್ಲ, ಕೇಳಿ ಬರೆದುಕೊಳ್ಳಬೇಕು.

ಹಾಗೆ ಬರೆದುಕೊಳ್ಳುವುದು ಹೇಗೆಂದು ತೋರಿಸಿದವರು ಹತ್ತಿರದಲ್ಲೇ ಇದ್ದರು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಸ್ಥಾಪಿಸಿ, ರಾಮನಗರದ ಹೆದ್ದಾರಿ ಬದಿಯ ಬಂಡೆನೆಲದಲ್ಲಿ ಜಾನಪದ ಲೋಕ ಕಟ್ಟಿದರು. 1994ರ ಮಾರ್ಚ್ 12ರಂದು ಉದ್ಘಾಟನೆಯಾದ ಜಾನಪದ ಲೋಕದಲ್ಲಿ ಕಣಜ, ಒನಕೆ, ಕೂರಿಗೆ, ಮೀನಿನ ಬಲೆ, ಸೋಮನ ಕುಣಿತದ ಮುಖವಾಡಗಳ ಜೊತೆಗೆ ಹಳ್ಳಿಗಳಲ್ಲಿ ಧ್ವನಿಮುದ್ರಿಸಿ ತಂದ ಹಾಡು, ಕಥೆಗಳ ಸಂಗ್ರಹವೂ ಇದೆ.